ದುಬೈಯಲ್ಲಿ ಈಗ ಗಂಟೆ ಎಷ್ಟು?



ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನಾವುಂದದ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನೆರೆಮನೆಯ ಉಮ್ಮ. ಹಿಂದೆ ಸೊಸೆ, ಅವಳ ಕೈಯಲ್ಲಿ ವಿಮಾನದ ಟಿಕೆಟಿನ ಪ್ರತಿ.

"ಉಸ್ತಾದರೇ, ಮಗ ಹತ್ತೂಮುಕ್ಕಾಲಿಗೆ ದುಬೈಯಲ್ಲಿ ಇಳಿಯಬೇಕಿತ್ತು. ಇನ್ನೂ ಫೋನಿಲ್ಲ."

"ಗಾಬರಿಯಾಗಬೇಡಿ ಉಮ್ಮಾ. ದುಬೈಯಲ್ಲಿ ಈಗ ಬರೀ ಹತ್ತು ಗಂಟೆ. ವಿಮಾನ ಇಳಿಯಲು ಇನ್ನೂ ಮುಕ್ಕಾಲು ಗಂಟೆ ಇದೆ" ಎಂದೆ.

ಅವರ ಭಯ ನಗುವಂಥದ್ದಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಮಂದಿ ತೀರಿಕೊಂಡದ್ದನ್ನು ಕರಾವಳಿಯ ತಾಯಂದಿರು ಮರೆತಿಲ್ಲ. ಆದರೆ ಲೆಕ್ಕ ತಿಳಿಯದೆ ಹುಟ್ಟುವ ಭಯವನ್ನಾದರೂ ದೂರ ಮಾಡಬಹುದಲ್ಲವೇ?

ಟಿಕೆಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಮಂಗಳೂರಿನಿಂದ 8.30ಕ್ಕೆ ಹೊರಟು 10.45ಕ್ಕೆ ಇಳಿಯುತ್ತದೆ ಎಂದರೆ ಎರಡೂಕಾಲು ಗಂಟೆಯ ಪ್ರಯಾಣವಲ್ಲ. ಅದಕ್ಕೆ ಒಂದೂವರೆ ಗಂಟೆ ಕೂಡಿಸಬೇಕು; ಮೂರೂಮುಕ್ಕಾಲು ಗಂಟೆಯಾಗುತ್ತದೆ. ನೇರ ದೂರ ಸುಮಾರು 2,450 ಕಿ.ಮೀ. ಮರಳುವಾಗ ಅದೇ ಒಂದೂವರೆ ಗಂಟೆ ಕಳೆಯಬೇಕು. ದುಬೈಯಿಂದ 11.45ಕ್ಕೆ ಹೊರಟು ಇಲ್ಲಿ ಬೆಳಗ್ಗೆ 4.45ಕ್ಕೆ ಇಳಿದರೆ ಹಾರಾಟ ಮೂರೂವರೆ ಗಂಟೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬೀಸುವ ಮೇಲುಗಾಳಿ ಬರುವ ವಿಮಾನವನ್ನು ಬೇಗ ತಲುಪಿಸುತ್ತದೆ.

ಈ ಒಂದೂವರೆ ಗಂಟೆ ಎಲ್ಲಿಂದ ಬಂತು? ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಮ್ಮ ದೇಶದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು, ದುಬೈಯದು ಅರುವತ್ತರದ್ದು. ವ್ಯತ್ಯಾಸ ಇಪ್ಪತ್ತೆರಡೂವರೆ, ನಾಲ್ಕರಿಂದ ಗುಣಿಸಿದರೆ 90 ನಿಮಿಷ.

ರಮಝಾನಿನಲ್ಲಿ ಹಗಲು ಹೊರಡುವವರು ಇದನ್ನು ನೆನಪಿಡಬೇಕು. ವಿಮಾನ ಪಶ್ಚಿಮಕ್ಕೆ ಹಾರುವಾಗ ಸೂರ್ಯ ತಡವಾಗಿ ಮುಳುಗುತ್ತಾನೆ, ಉಪವಾಸ ಉದ್ದವಾಗುತ್ತದೆ. ಊರಿನ ಮಗ್ರಿಬ್ ಆಯಿತೆಂದು ಇಫ್ತಾರ್ ಮಾಡುವಂತಿಲ್ಲ. ತಾನಿರುವಲ್ಲಿ ಸೂರ್ಯ ಮುಳುಗಬೇಕು. ಕಷ್ಟವಾದರೆ ಆ ಉಪವಾಸವನ್ನು ಮತ್ತೆ ಹಿಡಿಯುವ ರಿಯಾಯಿತಿ ಪ್ರಯಾಣಿಕನಿಗೆ ಇದ್ದೇ ಇದೆ.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕಿ. ನಾವುಂದದಿಂದ ವಿಮಾನ ನಿಲ್ದಾಣಕ್ಕೆ ನೂರು ಕಿ.ಮೀ.ಗೂ ಹೆಚ್ಚು. ಮೂರು ಗಂಟೆ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಲಗೇಜು. ಮಧ್ಯಾಹ್ನ ಎರಡಕ್ಕೆ ಮನೆ ಬಿಟ್ಟವನು ರೂಮು ಸೇರುವಾಗ ನಮ್ಮಲ್ಲಿ ರಾತ್ರಿ ಎರಡು ಗಂಟೆ!

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ: ದುಬೈ, ಅಬುಧಾಬಿ, ಮಸ್ಕತ್‌ಗೆ ಒಂದೂವರೆ ಗಂಟೆ ಹಿಂದೆ, ಸೌದಿ, ಕುವೈತ್, ಕತರ್, ಬಹರೈನ್‌ಗೆ ಎರಡೂವರೆ ಗಂಟೆ ಹಿಂದೆ. ಹೊರಡುವ ಗಂಡುಮಕ್ಕಳಿಗೂ ಒಂದು ಮಾತು: "ನಮ್ಮ ಗಡಿಯಾರದಲ್ಲಿ ಇಷ್ಟು ಗಂಟೆಗೆ ಫೋನ್ ಮಾಡುತ್ತೇನೆ" ಎಂದು ತಾಯಿಗೆ ಹೇಳಿ ಹೋಗಿ.

ಆ ರಾತ್ರಿ ಒಂದು ಗಂಟೆಗೆ ನೆರೆಮನೆಯ ಫೋನು ರಿಂಗಾಯಿತು. ಅಲ್‌ಹಮ್ದುಲಿಲ್ಲಾಹ್, ಸ್ವಲ್ಪ ಹೊತ್ತಿನಲ್ಲಿ ಅವರ ದೀಪವೂ ಆರಿತು.