ಕಾಮನಬಿಲ್ಲಿನ ಬಣ್ಣಗಳೆಷ್ಟು?

ಕಳೆದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಕಾಮನಬಿಲ್ಲಿಗೆ ಐದು ಬಣ್ಣಗಳೆಂದು ಬರೆದಿದ್ದನು. ನಾವು ಕೆಂಪು ಮಸಿಯಿಂದ ಗೆರೆಯೆಳೆದು ಅಂಕವನ್ನು ಕಳೆದೆವು. ಮರುದಿನ ಅವನು ಬಂದು, "ಸರ್, ಬೇಗಂ ಬಜಾರದಾಗ ನಮ್ಮ ಮಾಳಗಿ ಮ್ಯಾಲ ನಿಂತು ಎಣಿಸೀನ್ರಿ, ಐದೇ ಕಂಡವ್ರಿ" ಎಂದನು. "ಪುಸ್ತಕದಲ್ಲಿ ಏಳೆಂದಿದೆ, ಹೋಗು" ಎಂದುಬಿಟ್ಟೆವು. ಆ ಮಾತಿಗಾಗಿ ನಮಗೆ ಇಂದಿಗೂ ನಾಚಿಕೆಯಾಗುತ್ತದೆ.

ಏಕೆಂದರೆ ಏಳೆಂಬ ಲೆಕ್ಕವು ಆಕಾಶದ್ದಲ್ಲ. ಗಾಜಿನ ಪಟ್ಟಕದಿಂದ ಬಿಳಿಯ ಬೆಳಕನ್ನು ಬಿಡಿಸಿ ತೋರಿದ ನ್ಯೂಟನ್ನನೇ ಮೊದಲು ಐದು ಮುಖ್ಯ ಬಣ್ಣಗಳನ್ನು ಹೆಸರಿಸಿದ್ದನು. ಅನಂತರ ಸಂಗೀತದ ಏಳು ಸ್ವರಗಳಿಗೆ ಸರಿಹೊಂದುವಂತೆ ಕಿತ್ತಳೆಯನ್ನೂ ಕಡುನೀಲಿಯನ್ನೂ ಸೇರಿಸಿಕೊಂಡನು. 1704ರಲ್ಲಿ ಅಚ್ಚಾದ ಅವನ 'ಆಪ್ಟಿಕ್ಸ್' ಗ್ರಂಥದಲ್ಲಿ ಏಳಿವೆ. ನಿಜವಾಗಿ ಒಂದು ಬಣ್ಣವು ಮುಗಿದು ಇನ್ನೊಂದು ತೊಡಗುವ ಗೆರೆಯೇ ಅಲ್ಲಿಲ್ಲ.

ಆಗುವುದಿಷ್ಟು: ಸೂರ್ಯನ ಕಿರಣವು ಮಳೆಹನಿಯೊಳಗೆ ಹೊಗುವಾಗ ಬಾಗುತ್ತದೆ, ಹನಿಯ ಹಿಂಗೋಡೆಗೆ ತಾಗಿ ಮರಳುತ್ತದೆ, ಹೊರಬರುವಾಗ ಮತ್ತೊಮ್ಮೆ ಬಾಗುತ್ತದೆ. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು. ಸೂರ್ಯನಿಗೆ ಬೆನ್ನು ಮಾಡಿ ನಿಂತರೆ, ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಅಂಶಗಳ ಕೋನದಲ್ಲಿರುವ ಹನಿಗಳು ಕೆಂಪನ್ನೂ, ಸುಮಾರು 40 ಅಂಶಗಳಲ್ಲಿರುವವು ನೇರಳೆಯನ್ನೂ ಕಣ್ಣಿಗೆ ಕಳುಹುತ್ತವೆ. ಒಂದು ಹನಿಯಿಂದ ಒಂದು ಕಣ್ಣಿಗೆ ಆ ಕ್ಷಣದಲ್ಲಿ ಬರುವುದು ಒಂದೇ ಬಣ್ಣ. ಆದುದರಿಂದ ಪಕ್ಕದಲ್ಲಿ ನಿಂತ ಗೆಳೆಯನು ಕಾಣುವ ಬಿಲ್ಲು ಬೇರೆ ಹನಿಗಳದು!

ಸೂರ್ಯನು 42 ಅಂಶಗಳಿಗಿಂತ ಮೇಲಿದ್ದರೆ ನೆಲದ ಮೇಲೆ ನಿಂತವರಿಗೆ ಬಿಲ್ಲು ಕಾಣದು. ಹೈದರಾಬಾದಿನಲ್ಲಿ ಜುಲೈ ತಿಂಗಳ ಸಂಜೆ ಅವನು ಅಷ್ಟು ಕೆಳಗಿಳಿಯುವುದು ನಾಲ್ಕು ಗಂಟೆಯ ಸುಮಾರಿಗೆ, ಅಂದರೆ ನಮ್ಮ ಶಾಲೆ ಬಿಡುವ ಹೊತ್ತಿಗೆ. ಆಗ ಕೋಠಿಯ ಕಡೆಗೆ, ಮೂಡಣಕ್ಕೆ ನೋಡಬೇಕು. ರಾಯಚೂರು ಸೀಮೆಯ ಎರೆಹೊಲದಲ್ಲಿ ನಿಂತು ನಾವು ಬಾಲ್ಯದಲ್ಲಿ ನೆಲದಿಂದ ನೆಲಕ್ಕೆ ತಾಗಿದ ಬಿಲ್ಲನ್ನು ಕಂಡವರು. ಬೇಗಂ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಗಳ ಅಂಗಡಿಗಳಿಗೂ ಮೆಣಸಿನಕಾಯಿಯ ಮೂಟೆಗಳಿಗೂ ನಡುವೆ ಆಕಾಶವೆಂಬುದು ಒಂದು ಪಟ್ಟಿ. ಅದರಲ್ಲಿ ಕಂಡರೆ ಬಿಲ್ಲಿನ ಒಂದು ತುಂಡು. ಆ ಹುಡುಗನು ಮಾಳಿಗೆ ಹತ್ತಿದ್ದು ಸುಮ್ಮನೆಯಲ್ಲ.

ಕನ್ನಡದಲ್ಲಿ ವಿಜ್ಞಾನ ಬಾರದೆಂದು ಈ ನಗರದಲ್ಲಿ ಹೇಳುವವರುಂಟು. 'ವಕ್ರೀಭವನ' ಎಂಬ ಪದಕ್ಕೆ ಹೆದರಿ ನಮ್ಮ ಮಕ್ಕಳೂ 'ವಿಬ್‌ಗಯಾರ್' ಎಂದು ಉರು ಹೊಡೆಯುತ್ತಾರೆ. ವಕ್ರವೆಂದರೆ ಸೊಟ್ಟ, ಕಿರಣವು ಸೊಟ್ಟಗಾಗುವುದೇ ವಕ್ರೀಭವನ. ಪದದಲ್ಲಿಯೇ ಅರ್ಥವಿರುವಾಗ ಹೆದರಿಕೆಯೇಕೆ? ಕೊರತೆಯು ಭಾಷೆಯದಲ್ಲ, ನಮ್ಮಂತಹ ಉಪಾಧ್ಯಾಯರದು ಎಂಬುದೇ ನಮ್ಮ ಅಭಿಪ್ರಾಯ. ಕಂಡು ಬರೆದವನಿಗೆ ಸೊನ್ನೆ, ಕಾಣದೆ ಬರೆದವನಿಗೆ ಪೂರ್ಣಾಂಕ!

ಅವನ ಅಂಕವನ್ನು ಹಿಂದಿರುಗಿಸಿದ್ದೇವೆ. ಮೊನ್ನೆಯ ಮಳೆಯಲ್ಲಿ ಅವನು ಮತ್ತೆ ಮಾಳಿಗೆ ಹತ್ತಿದ್ದನಂತೆ. ಈ ಸಲ ಆರು ಎನ್ನುತ್ತಿದ್ದಾನೆ.