ಅಂಗಡಿ ಕಂಪ್ಯೂಟರ್ ನಿಧಾನವೇ? ಹೊಸದು ಕೊಳ್ಳೋ ಮುಂಚೆ ಡಿಸ್ಕ್ ನೋಡಿ

ತಿಪಟೂರು: ಗಿರಾಕಿ ಕೌಂಟರ್ ಮುಂದೆ ನಿಂತಿದ್ದಾನೆ, ಬಿಲ್ ಬರುತ್ತಿಲ್ಲ. ಪರದೆ ಮೇಲೆ ನೀಲಿ ಉಂಗುರ ಸುತ್ತುತ್ತಲೇ ಇದೆ. ಬೆಳಗ್ಗೆ ಸ್ವಿಚ್ ಹಾಕಿ, ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ ಬಂದು ಕುಳಿತರೂ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ. ಕೊಬ್ಬರಿ ಮಂಡಿ ಇರಲಿ, ಮೆಡಿಕಲ್ ಸ್ಟೋರ್ ಇರಲಿ, ಗೊಬ್ಬರದ ಅಂಗಡಿ, ಝೆರಾಕ್ಸ್ ಅಂಗಡಿ ಇರಲಿ, ಎಂಟತ್ತು ವರ್ಷದ ಹಳೆ ಕಂಪ್ಯೂಟರ್ ಇಟ್ಟುಕೊಂಡವರಿಗೆ ಈ ಪಾಡು ಹೊಸದಲ್ಲ. ಕೇಳಿದರೆ ಬರುವ ಉತ್ತರವೂ ಗೊತ್ತಿರುವುದೇ: "ಹಳೇದಾಯ್ತು ಸಾರ್, ಹೊಸದು ತಗೊಂಡ್ಬಿಡಿ."

ಈ ಮಾತನ್ನು ಒಪ್ಪಿಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಬಹುದು. ದುಡ್ಡು ಬೇಕಿಲ್ಲ, ಎರಡು ನಿಮಿಷ ಸಾಕು. ಕಂಪ್ಯೂಟರ್ ತಡವರಿಸುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಾಲಂಗಳಿವೆ. ಸಿಪಿಯು ಶೇ 10, 15ರಲ್ಲಿ ಆರಾಮಾಗಿದ್ದು, ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡು ಕೂತಿದ್ದರೆ ರೋಗ ಸಿಕ್ಕಿತು ಅಂತಲೇ ಅರ್ಥ. ಕಂಪ್ಯೂಟರಿನ ತಲೆ ಚೆನ್ನಾಗಿಯೇ ಇದೆ, ಅದಕ್ಕೆ ಕಡತ ತಂದುಕೊಡುವ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿದೆ.

ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಗ್ರಾಮಫೋನ್ ಮುಳ್ಳಿನ ಥರ ಒಂದು ಕೈ ಓಡಾಡುತ್ತದೆ. 5,400 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಬೇಕು. ಕೇಳೋಕೆ ಇದೇನು ಮಹಾ ಅನಿಸಬಹುದು. ಆದರೆ ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಕೇಳುತ್ತದೆ. ಒಬ್ಬನೇ ಹಮಾಲಿ ಒಂದೊಂದು ಚೀಟಿಗೂ ಗೋಡೌನಿನ ಆ ಮೂಲೆಗೊಮ್ಮೆ ಈ ಮೂಲೆಗೊಮ್ಮೆ ಓಡಿದ ಹಾಗೆ. ಹೀಗೆ ಚದುರಿದ ಕೆಲಸವನ್ನು ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು ನೂರು ಮಾಡಿದರೆ ಹೆಚ್ಚು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಪೆನ್‌ಡ್ರೈವ್ ಥರ ಬರೀ ಚಿಪ್ಪು. ಅದೇ ಕೆಲಸವನ್ನು ಅದು ಸೆಕೆಂಡಿಗೆ ಸಾವಿರಗಟ್ಟಲೆ ಮುಗಿಸುತ್ತದೆ. ಮೂರ್ನಾಲ್ಕು ನಿಮಿಷ ತಗೊಳ್ಳುತ್ತಿದ್ದ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ಏಳುವುದು ಇದರಿಂದಲೇ, ಪವಾಡ ಏನಿಲ್ಲ.

ಎಲ್ಲಾ ನಿಧಾನಕ್ಕೂ ಇದು ಮದ್ದಲ್ಲ ಅನ್ನೋದನ್ನೂ ಹೇಳಬೇಕು. ಜಿಎಸ್‌ಟಿ ಪೋರ್ಟಲ್ 20ನೇ ತಾರೀಕು ಹತ್ತಿರ ಬಂದಾಗ ತೆವಳಿದರೆ ನಿಮ್ಮ ಡಿಸ್ಕ್ ಏನು ಮಾಡೀತು? ರ‍್ಯಾಮ್ ಬರೀ 2 ಜಿಬಿ ಇದ್ದರೆ ಮೊದಲು ಅದನ್ನೇ ನೋಡಬೇಕು.

ಅಗ್ಗದ ಕಾಲ ಹೋಯಿತು

2023ರಲ್ಲಿ ಹೆಸರಿರುವ ಕಂಪನಿಯ 256 ಜಿಬಿ ಎಸ್‌ಎಸ್‌ಡಿ ಒಂದೂವರೆ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತಿತ್ತು. ಆಗ ಹಾಕಿಸಿಕೊಂಡವರು ಗೆದ್ದರು. ಮಾಲು ಹೆಚ್ಚಾಗಿ ದರ ಬಿದ್ದು, ಚಿಪ್ ತಯಾರಕರೆಲ್ಲ ನಷ್ಟ ತಾಳಲಾರದೆ ಉತ್ಪಾದನೆ ಕಡಿಮೆ ಮಾಡಿದ ವರ್ಷ ಅದು. 2025ರ ಕೊನೆಗೆ ಗಾಳಿ ತಿರುಗಿತು. ಕೃತಕ ಬುದ್ಧಿಮತ್ತೆಗಾಗಿ ಅಮೆರಿಕ ಮತ್ತಿತರ ಕಡೆ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಲಾಟುಗಟ್ಟಲೆ ಎತ್ತತೊಡಗಿದವು. ದೊಡ್ಡ ವರ್ತಕ ಇಡೀ ಮಂಡಿಯ ಮಾಲಿಗೆ ಕೂಗಿದರೆ ಚಿಲ್ಲರೆಯವರಿಗೆ ಏನಾಗುತ್ತೆ ಅಂತ ತಿಪಟೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು. ಹಳೆ ಕಂಪ್ಯೂಟರಿಗೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸುವವರು ಹೆಚ್ಚಾಗಿ ಕೇಳುತ್ತಿದ್ದ ಹೆಸರುಗಳಲ್ಲಿ ಅದೂ ಒಂದು.

ಹಾಗಾದರೆ ಹೊಸ ಕಂಪ್ಯೂಟರೇ ವಾಸಿಯಾ? ಲೆಕ್ಕ ಹಾಕಿದರೆ ಇಲ್ಲ. ಹೊಸ ಕಂಪ್ಯೂಟರಿನ ಒಳಗೂ ಇರೋದು ಅದೇ ಎಸ್‌ಎಸ್‌ಡಿ, ಅದೇ ರ‍್ಯಾಮ್, ಅವುಗಳ ದರವೂ ಏರಿದೆ. ಬಿಲ್ಲು ಹಾಕುವ ಕೆಲಸಕ್ಕೆ ಒಂದು ಬಿಡಿಭಾಗ ಬದಲಿಸುವುದು ಇವತ್ತಿಗೂ ಹೊಸದರ ಬೆಲೆಯ ಸಣ್ಣ ಪಾಲು. ದರ ಇಳಿಯಲಿ ಅಂತ ಕಾಯುವವರು ಕಾಯಬಹುದು, ಆದರೆ ಟಿಕ್ ಟಿಕ್ ಸದ್ದು ಮಾಡುತ್ತಿರುವ ಡಿಸ್ಕ್ ಇಟ್ಟುಕೊಂಡು ಕಾಯುವುದು ಜೂಜು.

ಕೊಳ್ಳುವಾಗ ಹಳೆ ಯಂತ್ರದವರಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಡ್ರೈವ್ ವೇಗ ಜಾಸ್ತಿ ಅಂತ ಎಸ್.ಪಿ. ರಸ್ತೆಯಿಂದ ತಂದು, ಆಮೇಲೆ ಬೋರ್ಡಿನಲ್ಲಿ ಜಾಗವೇ ಇಲ್ಲ ಅಂತ ಮತ್ತೆ ಬೆಂಗಳೂರು ರೈಲು ಹತ್ತೋ ಕಥೆ ಬೇಡ. ಬಿಲ್ಲಿಂಗ್ ಕೆಲಸಕ್ಕೆ 256 ಜಿಬಿ ಧಾರಾಳ. ಫೋಟೊ ಸ್ಟುಡಿಯೊದವರು ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇಟ್ಟು, ಡೆಸ್ಕ್‌ಟಾಪ್ ಆದರೆ ಹಳೆ ಹಾರ್ಡ್ ಡಿಸ್ಕನ್ನೂ ಒಳಗೇ ಬಿಟ್ಟು ಮದುವೆ ಆಲ್ಬಂಗಳನ್ನು ಅದರಲ್ಲಿ ತುಂಬಬಹುದು. ಆನ್‌ಲೈನ್‌ನಲ್ಲಿ ಹೆಸರೇ ಕೇಳದ ಕಂಪನಿಯ 2 ಟಿಬಿ ಡ್ರೈವ್ ಪುಕ್ಕಟೆ ದರಕ್ಕೆ ಕಂಡರೆ ಅದರೊಳಗೆ 2 ಟಿಬಿ ಇರಲ್ಲ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಬೇಕು. ವಾರಂಟಿಗೂ ಅದು ಬೇಕು, ಜತೆಗೆ ಮಾಮೂಲಿ ನೋಂದಣಿ ಇರುವ ವ್ಯಾಪಾರಿಗೆ ಅಂಗಡಿ ಬಳಕೆಗೆ ಕೊಂಡದ್ದರ ಮೇಲಿನ ಶೇ 18ರ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಕಾಂಪೊಸಿಷನ್‌ನಲ್ಲಿ ಇರುವವರಿಗೆ ಆ ಅನುಕೂಲ ಇಲ್ಲ.

ವೇಗ ಬೇರೆ, ಭದ್ರತೆ ಬೇರೆ

ಇದರ ನಡುವೆ ವಿಂಡೋಸ್ 10ರ ವಿಷಯ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ನಿಂತುಹೋಗಲ್ಲ, ಆದರೆ ಹೊಸ ಕನ್ನ ಕಂಡುಬಂದರೆ ಮುಚ್ಚುವವರಿಲ್ಲ. ಮನೆಬಳಕೆದಾರರು ಹೆಚ್ಚುವರಿ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಕೊಡುವುದಾಗಿ ಕಂಪನಿ ಆಗ ಪ್ರಕಟಿಸಿತ್ತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಈ ಅರ್ಹತೆ ಬರಲ್ಲ.

ಆದ್ದರಿಂದ ತೀರ್ಮಾನ ಯಂತ್ರದ ವಯಸ್ಸಿನ ಮೇಲೆ ನಿಲ್ಲುತ್ತದೆ. 2018ರಿಂದೀಚೆಗೆ ಬಂದ 8ನೇ ತಲೆಮಾರಿನ ಅಥವಾ ಹೊಸ ಯಂತ್ರಕ್ಕೆ ಕಣ್ಣುಮುಚ್ಚಿ ಎಸ್‌ಎಸ್‌ಡಿ ಹಾಕಿಸಬಹುದು, ಅದೇ ಹೊತ್ತಿಗೆ ವಿಂಡೋಸ್ 11 ಕೂಡ ಮಾಡಿಸಿಕೊಳ್ಳಬಹುದು. ಅದಕ್ಕಿಂತ ಹಳೆಯದನ್ನು ಬರೀ ಬಿಲ್ಲಿಗೆ, ಇಂಟರ್‌ನೆಟ್ ಇಲ್ಲದೆ ಬಳಸುವವರಿಗೂ ನಷ್ಟವಿಲ್ಲ. ಬ್ಯಾಂಕ್ ವಹಿವಾಟು, ರಿಟರ್ನ್ ಸಲ್ಲಿಕೆ ಎಲ್ಲಾ ಅದರಲ್ಲೇ ಅಂದರೆ ಮಾತ್ರ, ಹೊಸ ಯಂತ್ರಕ್ಕೆ ದುಡ್ಡು ಕೂಡಿಡುವುದೇ ಲೇಸು. ಎಸ್‌ಎಸ್‌ಡಿ ಹಾಕಿಸಿದರೂ ಅದೇನು ವ್ಯರ್ಥವಲ್ಲ, ಮುಂದೆ ಬಿಚ್ಚಿ ಬೇರೆ ಕಡೆ ಬಳಸಬಹುದು.

ಲೆಕ್ಕದ ಫೈಲು, ಹಳೇ ಡಿಸ್ಕು

ಅಸಲಿಗೆ ಅಂಗಡಿಯವರು ಕಳೆದುಕೊಳ್ಳುವುದು ಡಿಸ್ಕ್ ಬದಲಿಸುವ ಆ ಒಂದು ಮಧ್ಯಾಹ್ನದಲ್ಲಿ. ಕೆಲಸ ಎರಡು ರೀತಿ ಆಗುತ್ತದೆ. ಒಂದು ಕ್ಲೋನ್, ಅಂದರೆ ಇದ್ದದ್ದು ಇದ್ದ ಹಾಗೆ ಹೊಸ ಡಿಸ್ಕಿಗೆ ನಕಲು. ಇನ್ನೊಂದು ವಿಂಡೋಸ್ ಹೊಸದಾಗಿ ಹಾಕುವುದು. ರಿಪೇರಿಯವರಿಗೆ ಎರಡನೆಯದು ಸಲೀಸು. ಆದರೆ ಹೊಸದಾಗಿ ಹಾಕಿದ ಮೇಲೆ ನುಡಿ ಇಲ್ಲ, ಪ್ರಿಂಟರ್ ಡ್ರೈವರ್ ಇಲ್ಲ, ಡಿಜಿಟಲ್ ಸಹಿಯ ಟೋಕನ್ ಓಡಲ್ಲ, ಬೆರಳಚ್ಚು ಯಂತ್ರ ಕೆಲಸ ಮಾಡಲ್ಲ. ಟ್ಯಾಲಿ ಲೈಸೆನ್ಸನ್ನು ಮೊದಲೇ ಸರೆಂಡರ್ ಮಾಡದಿದ್ದರೆ ಅದಕ್ಕೊಂದು ಓಡಾಟ. ಹಾಗಾಗಿ ಡಿಸ್ಕಿನಲ್ಲಿ ದೋಷ, ವೈರಸ್ ಇಲ್ಲದಿದ್ದರೆ ಕ್ಲೋನ್ ಮಾಡಿಸುವುದೇ ಅಂಗಡಿಗೆ ಅನುಕೂಲ. ಯಾವುದೇ ಆಗಲಿ, ಯಂತ್ರ ಅಂಗಡಿಯಿಂದ ಹೊರಗೆ ಹೋಗುವ ಮುಂಚೆ ಲೆಕ್ಕದ ಬ್ಯಾಕಪ್ ಪೆನ್‌ಡ್ರೈವ್‌ಗೆ ಬಂದು, ಆ ಪೆನ್‌ಡ್ರೈವ್ ಮಾಲೀಕರ ಜೇಬಿನಲ್ಲಿರಬೇಕು.

ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟಿರಬೇಕು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಯಾವುದು ವ್ಯಾಪಾರದ ದುಡ್ಡು, ಯಾವುದು ಕೈಸಾಲ, ಯಾವುದು ತೆರಿಗೆಯಿಲ್ಲದ ಮಾಲು ಅಂತ ತೋರಿಸಬೇಕಾಗಿ ಬಂದಿದ್ದು ಹಳೆ ವರ್ಷಗಳ ಲೆಕ್ಕದಿಂದಲೇ. "ಡಿಸ್ಕ್ ಹೋಯ್ತು ಸಾರ್" ಅಂದರೆ ಅಧಿಕಾರಿ ಕೇಳಲ್ಲ.

ಎಸ್‌ಎಸ್‌ಡಿ ಬಂದ ಮೇಲೆ ಬ್ಯಾಕಪ್ ಇನ್ನೂ ಮುಖ್ಯ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಸದ್ದು ಮಾಡುತ್ತೆ, ತಡವರಿಸುತ್ತೆ. ಎಸ್‌ಎಸ್‌ಡಿ ಹೋಗುವಾಗ ಹೇಳದೆ ಹೋಗಿಬಿಡಬಹುದು.

ಕೊನೆಗೆ ತೆಗೆದಿಟ್ಟ ಹಳೆ ಡಿಸ್ಕ್. ಎಕ್ಸ್‌ಚೇಂಜ್ ಅಂತ ಇನ್ನೂರು ಮುನ್ನೂರು ರೂಪಾಯಿ ಬಿಟ್ಟು ಅದನ್ನು ಅಲ್ಲೇ ಇರಿಸಿಕೊಳ್ಳುವವರಿದ್ದಾರೆ. ಕೊಡಬಾರದು. ಅದರಲ್ಲಿ ಅಂಗಡಿಯ ಲೆಕ್ಕ ಇದೆ. ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿ ಆದರೆ ಊರವರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಕೂಡ ಇರುತ್ತವೆ. ಡಿಲೀಟ್ ಮಾಡಿದ್ದು, ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ್ದು ಮತ್ತೆ ತೆಗೆಯಲು ಬರುತ್ತದೆ. ಹೊಸದು ಸರಿಯಾಗಿ ಓಡುತ್ತಿದೆ ಅನ್ನೋ ನಂಬಿಕೆ ಬರುವವರೆಗೆ, ಒಂದು ತಿಂಗಳಾದರೂ, ಹಳೆಯದನ್ನು ಮುಟ್ಟದೆ ಬೀರುವಿನಲ್ಲಿ ಇಡಬೇಕು. ಆಮೇಲೆ ಯುಎಸ್‌ಬಿ ಕೇಸ್ ಹಾಕಿಸಿದರೆ ಅದೇ ಬ್ಯಾಕಪ್ ಡಿಸ್ಕ್ ಆಗುತ್ತದೆ. ಬೇಡವೇ ಬೇಡ ಅಂದರೆ ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್' ಮೇಲಿನ ಟಿಕ್ ತೆಗೆದು ರಾತ್ರಿಯಿಡೀ ಓಡಲು ಬಿಡಬೇಕು. ಕೆಟ್ಟುಹೋಗಿ ಫಾರ್ಮ್ಯಾಟೂ ಆಗದ ಡಿಸ್ಕ್ ಆದರೆ, ಗುಜರಿಗೆ ಹಾಕುವ ಮುಂಚೆ ಡ್ರಿಲ್‌ನಲ್ಲಿ ತಟ್ಟೆಗೆ ನಾಲ್ಕು ತೂತು ಹೊಡೆಸಿ ಕೊಡುವುದು ಒಳ್ಳೆಯದು. ವೆಲ್ಡಿಂಗ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ.