ಟೈಫಾಯಿಡ್ ಬಂದಾಗ ನಾಡಿಯನ್ನೂ ಎಣಿಸಬೇಕು

ಟೈಫಾಯಿಡ್ ಎಂದರೆ ಹೊಟ್ಟೆಯ ಕಾಯಿಲೆ, ಗಂಜಿ ಕುಡಿದು ಮಾತ್ರೆಯ ಕೋರ್ಸು ಮುಗಿಸಿದರೆ ಆಯಿತು ಎಂದೇ ಹೆಚ್ಚಿನವರ ಲೆಕ್ಕ. ಆದರೆ ಸಾಲ್ಮೊನೆಲ್ಲಾ ಟೈಫಿ ಕರುಳಿನಿಂದ ರಕ್ತಕ್ಕೆ ಇಳಿಯುವ ರೋಗಾಣು. ಅದರ ವಿಷವೂ ಅದನ್ನೆದುರಿಸುವಾಗ ದೇಹದಲ್ಲೇಳುವ ಉರಿಯೂತವೂ ಕೆಲವರಲ್ಲಿ ಹೃದಯದ ಸ್ನಾಯುವನ್ನು, ಅದರೊಳಗೆ ವಿದ್ಯುತ್ ಹರಿಯುವ ದಾರಿಯನ್ನು ತಟ್ಟುತ್ತವೆ. ದೊಡ್ಡ ಆಸ್ಪತ್ರೆಗೆ ಕಾಸರಗೋಡೋ ಸುಳ್ಯವೋ ಪುತ್ತೂರೋ ಎಂದು ಯೋಚಿಸಬೇಕಾದ ದೇಲಂಪಾಡಿಯಂಥ ಕೇರಳ-ಕರ್ನಾಟಕ ಗಡಿಯೂರಿನಲ್ಲಿ, ಜ್ವರದ ಚಿಕಿತ್ಸೆ ಸಿಗುವಲ್ಲೇ ಇಸಿಜಿಯೂ ಸಿಗಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಸಾಮಾನ್ಯವಾಗಿ ಜ್ವರ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಏರುತ್ತದೆ. ಟೈಫಾಯಿಡ್‌ನಲ್ಲಿ ಮೈ 104ರಲ್ಲಿ ಸುಡುತ್ತಿದ್ದರೂ ನಾಡಿ 90ರ ಆಸುಪಾಸಿನಲ್ಲೇ ನಿಲ್ಲುವುದುಂಟು. ಎಲ್ಲರಲ್ಲೂ ಹೀಗಾಗುವುದಿಲ್ಲ, ಡೆಂಗ್ಯೂವಿನಲ್ಲೂ ನಾಡಿ ನಿಧಾನವಾಗಬಹುದು. ಹಾಗಾಗಿ ನಾಡಿ ನೋಡಿ ರೋಗದ ಹೆಸರು ಹೇಳಲಾಗದು. ಟೈಫಾಯಿಡ್ ಬಂದ ಕೆಲವರ ಇಸಿಜಿಯಲ್ಲಿ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ತಲುಪುವ ಪಿಆರ್ ಅವಧಿ 0.20 ಸೆಕೆಂಡು ಮೀರಿರಬಹುದು, ಟಿ ಅಲೆ ಚಪ್ಪಟೆಯಾಗಿರಬಹುದು, ಕ್ಯೂಟಿ ಅವಧಿ ಉದ್ದವಾಗಿರಬಹುದು.

ಈ ಕ್ಯೂಟಿಯ ವಿಚಾರದಲ್ಲಿ ನನಗೆ ರೋಗಾಣುವಿನಷ್ಟೇ ಔಷಧಿಯ ಚೀಟಿಯ ಮೇಲೂ ಕಣ್ಣು. ಪ್ರತಿ ಬಡಿತದ ನಂತರ ಹೃದಯದ ಕೆಳಕೋಣೆಗಳು ಮತ್ತೆ ಸಿದ್ಧವಾಗಲು ಹಿಡಿಯುವ ಸಮಯ ಅದರಲ್ಲಿ ಅಡಗಿದೆ. ಟೈಫಾಯಿಡ್‌ಗೆ ಕೊಡುವ ಅಜಿತ್ರೊಮೈಸಿನ್ ಅದನ್ನು ಹಿಗ್ಗಿಸಬಲ್ಲದು, ಸಿಪ್ರೊಫ್ಲಾಕ್ಸಾಸಿನ್ ಕೂಡ. ವಾಂತಿ ನಿಲ್ಲಿಸಲು ಬರೆಯುವ ಒಂಡಾನ್‌ಸೆಟ್ರಾನ್ ಕೂಡ ಅದೇ ಕೆಲಸ ಮಾಡುತ್ತದೆ. ನಾಲ್ಕು ದಿನ ಭೇದಿಯಾಗಿ ಪೊಟ್ಯಾಸಿಯಂ ಇಳಿದಿದ್ದರೆ ಅದೂ ಸೇರಿತು. ಒಂದೊಂದೇ ಇದ್ದಾಗ ಬಹುಮಂದಿಗೆ ಏನೂ ಆಗುವುದಿಲ್ಲ. ಎಲ್ಲವೂ ಒಂದೇ ಮಂಚದ ಮೇಲೆ ಕೂಡಿ, ಹೃದಯದ ಬಡಿತಕ್ಕೆ ಸರಿಹೊಂದಿಸಿದ ಕ್ಯೂಟಿ 500 ಮಿಲಿಸೆಕೆಂಡು ದಾಟಿದಾಗ ಅಪಾಯಕಾರಿ ಲಯಭಂಗದ ಭಯ ಹೆಚ್ಚುತ್ತದೆ. ಮಾತ್ರೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಟೈಫಾಯಿಡ್‌ನಲ್ಲಿ ಆ್ಯಂಟಿಬಯಾಟಿಕ್ ಪ್ರಾಣ ಉಳಿಸುವ ಮದ್ದು. ಅರ್ಧಕ್ಕೆ ಬಿಡುವುದು ಇನ್ನೂ ದೊಡ್ಡ ಕೇಡು.

ಹಾಗಾದರೆ ಜ್ವರ ಬಂದವರಿಗೆಲ್ಲ ಇಸಿಜಿಯೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಹೆಚ್ಚಿನ ಬದಲಾವಣೆಗಳು ರೋಗದೊಂದಿಗೆ ತಾವೇ ಹೋಗುತ್ತವೆ. ನಾಡಿ ಎಣಿಸಲು ಗಡಿಯಾರವೊಂದು ಸಾಕು, ಅದು ಎಲ್ಲರಿಗೂ ಆಗಬೇಕು. ಎದೆನೋವು, ಏದುಸಿರು, ತಲೆಸುತ್ತಿ ಬೀಳುವುದು, ಲಯ ತಪ್ಪಿದ ನಾಡಿ ಕಂಡವರಿಗೆ, ಮೊದಲೇ ಹೃದ್ರೋಗ ಇದ್ದವರಿಗೆ, ಕ್ಯೂಟಿ ಹಿಗ್ಗಿಸುವ ಔಷಧಿಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರಿಗೆ ಇಸಿಜಿ ಬೇಕು.

ಅದು ಹಳ್ಳಿಯಲ್ಲಿ ಆಗದ ಮಾತೇನೂ ಅಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ಅವರು ಕಳುಹಿಸುವ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿ ತೋರಿಸಿದ್ದಾರೆ. ಹೃದಯಾಘಾತಕ್ಕೆಂದು ಹುಟ್ಟಿದ ಆ ದಾರಿ ಜ್ವರಕ್ಕೂ ಆದೀತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕರ್ನಾಟಕ ಗಡಿರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನೆನಪಿದೆ. ಇಸಿಜಿಯ ಚಿತ್ರಕ್ಕಾದರೆ ಚೆಕ್‌ಪೋಸ್ಟ್ ಇಲ್ಲ.

ಇನ್ನು ವಿಶ್ರಾಂತಿ. ಜ್ವರ ಬಿಟ್ಟ ವಾರಕ್ಕೇ ಅಡಿಕೆ ಮರ ಹತ್ತುವವರನ್ನು ಮನೆಯಲ್ಲಿ ಕೂರಿಸುವುದು ಕಷ್ಟ, ಅದು ಅವರ ದಿನಗೂಲಿ. ಆದರೂ ಇಸಿಜಿಯಲ್ಲಿ ತೊಂದರೆ ಕಂಡಿದ್ದವರು ಮತ್ತೊಂದು ಇಸಿಜಿ ತೆಗೆಸಿ, ವೈದ್ಯರು ಸರಿ ಎಂದ ಮೇಲೆಯೇ ಮರಕ್ಕೆ ಕಾಲಿಡಬೇಕು. ಅಲ್ಲಿಯವರೆಗೆ ತೋಟದವರು ಅವರಿಗೆ ನೆಲದ ಮೇಲಿನ ಹಗುರ ಕೆಲಸ ಕೊಡಲಿ.